ದಾಕ್ಷಿಣ್ಯದ ಸಹಿಗೆ ಮನೆಮಂದಿಯ ಒತ್ತೆ

ಬ್ಯಾಂಕುಗಳು ದಿನಪತ್ರಿಕೆಗಳ ಒಳಪುಟಗಳಲ್ಲಿ ಪ್ರಕಟಿಸುವ ಸ್ವಾಧೀನ ನೋಟೀಸುಗಳನ್ನು ಓದುವ ಅಭ್ಯಾಸ ನಮ್ಮಲ್ಲಿ ಹೆಚ್ಚಿನವರಿಗಿಲ್ಲ. ಸಣ್ಣ ಅಕ್ಷರಗಳು, ಚೆಕ್ಕುಬಂದಿಯ ವಿವರ, ಲಕ್ಷಗಳ ಲೆಕ್ಕ. ಯಾರಿಗೆ ಬೇಕು? ಆದರೆ ಒಮ್ಮೆ ಕುಳಿತು ಓದಿದವರಿಗೆ ಒಂದು ಸಂಗತಿ ಗಮನಕ್ಕೆ ಬರುತ್ತದೆ. ಸಾಲಗಾರನ ಹೆಸರಿನ ಕೆಳಗೆ, ಅದೇ ಗಾತ್ರದ ಅಕ್ಷರಗಳಲ್ಲಿ, ಮತ್ತೊಬ್ಬನ ಹೆಸರಿರುತ್ತದೆ. ಅವನು ಜಾಮೀನುದಾರ. ಆ ಸಾಲದ ಹಣದಲ್ಲಿ ಒಂದು ರೂಪಾಯಿಯನ್ನೂ ಅವನು ಮುಟ್ಟಿರುವುದಿಲ್ಲ. ಆ ಮನೆಯಲ್ಲಿ ಒಂದು ರಾತ್ರಿಯನ್ನೂ ಕಳೆದಿರುವುದಿಲ್ಲ. ಎಂದೋ ಒಂದು ಮಧ್ಯಾಹ್ನ, ಮಿತ್ರನ ಜೊತೆ ಬ್ಯಾಂಕಿಗೆ ಹೋಗಿ, ತೋರಿಸಿದಲ್ಲೆಲ್ಲ ಸಹಿ ಹಾಕಿ, ಚಹಾ ಕುಡಿದು ಬಂದಿದ್ದಾನೆ, ಅಷ್ಟೆ.

ಅವನನ್ನು ಅನುಕಂಪದಿಂದ ನೋಡುವ ಅಗತ್ಯ ಕಾನೂನಿಗಿಲ್ಲ. 2002ರ ಸರ್ಫೇಸಿ ಕಾಯ್ದೆಯು ‘ಸಾಲಗಾರ’ ಎಂಬ ಪದದ ವ್ಯಾಖ್ಯೆಯೊಳಗೇ ಜಾಮೀನುದಾರನನ್ನೂ ಸೇರಿಸಿಕೊಂಡಿದೆ. ಅವನು ತನ್ನ ಮನೆಯ ಪತ್ರಗಳನ್ನು ಭದ್ರತೆಯಾಗಿ ಕೊಟ್ಟಿದ್ದರೆ, ಅರುವತ್ತು ದಿನಗಳ ನೋಟೀಸಿನ ಬಳಿಕ ಬ್ಯಾಂಕು ನೇರವಾಗಿ ಆ ಮನೆಯ ಮೇಲೆ ಕೈಯಿಡಬಹುದು. ಪತ್ರಗಳನ್ನು ಕೊಡದೆ ಬರಿಯ ಸಹಿ ಹಾಕಿದ್ದರೆ, ಬಾಕಿ ಇಪ್ಪತ್ತು ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿದ್ದಾಗ ಸಾಲ ವಸೂಲಾತಿ ನ್ಯಾಯಮಂಡಳಿಗೆ, ಕಡಿಮೆಯಿದ್ದಾಗ ಸಿವಿಲ್ ನ್ಯಾಯಾಲಯಕ್ಕೆ ಹೋಗಿ ಅವನ ಆಸ್ತಿಯನ್ನು ಜಪ್ತಿ ಮಾಡಿಸಬಹುದು. ದಾರಿ ಸ್ವಲ್ಪ ಉದ್ದವಾಗುತ್ತದೆ, ಅಷ್ಟೇ ವ್ಯತ್ಯಾಸ.

ಈ ವಿಷಯವನ್ನು ನಾವು ಎತ್ತಿಕೊಳ್ಳಲು ಕಾರಣವಿದೆ. ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರೂಪುಗೊಂಡ ಬಡಾವಣೆಗಳು. 1898ರ ಪ್ಲೇಗಿನ ಬಳಿಕ ಗಾಳಿ ಬೆಳಕಿನ ವಿಶಾಲ ಬೀದಿಗಳನ್ನು ಅರಸಿ ಜನ ಅಲ್ಲಿಗೆ ಬಂದು ನೆಲೆಸಿದರು. ಇಂದು ಅದೇ ಬೀದಿಗಳಲ್ಲಿ ಹಳೆಯ ಹೆಂಚಿನ ಮನೆಗಳು ಉರುಳಿ ಫ್ಲಾಟುಗಳು ಏಳುತ್ತಿವೆ. ಗಾಂಧಿ ಬಜಾರಿನಲ್ಲೋ ಸಂಪಿಗೆ ರಸ್ತೆಯಲ್ಲೋ ಒಂದು ಮಳಿಗೆ ಹಿಡಿಯುವುದು ಜೀವಮಾನದ ವ್ಯವಹಾರವೆನಿಸಿದೆ. ಮನೆ ಕೊಳ್ಳಲಿ, ಭೋಗ್ಯಕ್ಕೆ ಹಿಡಿಯಲಿ, ಅಂಗಡಿಯನ್ನು ಬಾಡಿಗೆಗೆ ಪಡೆಯಲಿ, ಕರಾರು ಪತ್ರದ ಕೊನೆಯ ಪುಟದಲ್ಲಿ ‘ವೈಯಕ್ತಿಕ ಜಾಮೀನು’ ಎಂಬ ಕಲಮು ಕಾದಿರುತ್ತದೆ. ನಮ್ಮ ಸಮುದಾಯದ ಸಣ್ಣ ವ್ಯಾಪಾರಿಗಳು, ಮೆಕ್ಯಾನಿಕ್ಕುಗಳು, ರೇಷ್ಮೆ ಮತ್ತು ಹಣ್ಣಿನ ಮಂಡಿಯವರು ಬಹುಮಟ್ಟಿಗೆ ಪರಸ್ಪರರ ಸಹಿಯ ಬಲದಿಂದಲೇ ಈ ವ್ಯವಹಾರಗಳನ್ನು ನಡೆಸುತ್ತಾ ಬಂದಿದ್ದಾರೆ.

ನಮ್ಮವರಿಗೆ ಮನೆ ಸಿಗುವುದೇ ಕಷ್ಟವೆಂಬುದನ್ನು ಇಲ್ಲಿ ಮರೆಯುವಂತಿಲ್ಲ. ಹೆಸರು ಕೇಳಿದೊಡನೆ ‘ಈಗಷ್ಟೇ ಬೇರೆಯವರಿಗೆ ಕೊಟ್ಟೆವು’ ಎಂಬ ಉತ್ತರ ಬರುವ ಬೀದಿಗಳು ಈ ಊರಿನಲ್ಲಿವೆ. ಹಾಗೂ ಒಪ್ಪಿದ ಮಾಲಕ ಕೆಲವೊಮ್ಮೆ ಆರರಿಂದ ಹತ್ತು ತಿಂಗಳ ಮುಂಗಡವನ್ನೂ ಪಡೆದು, ಅದರ ಮೇಲೆ ‘ನಮಗೆ ಗೊತ್ತಿರುವ ಒಬ್ಬರ ಸಹಿ ಬೇಕು’ ಎನ್ನುತ್ತಾನೆ. ಮುಂಗಡ ಪಡೆಯುವುದೇ ಬಾಡಿಗೆ ಬಾಕಿಗೆ ಭದ್ರತೆಯಾಗಿ. ಕೇಂದ್ರ ಸರಕಾರ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯು ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚಿನ ಮುಂಗಡ ಕೂಡದೆಂದು ಹೇಳುತ್ತದೆ. ಅದರ ಎಷ್ಟೋ ಪಟ್ಟು ಮುಂಗಡವನ್ನು ಕೈಯಲ್ಲಿಟ್ಟುಕೊಂಡವನಿಗೆ ಜಾಮೀನೂ ಏಕೆ ಬೇಕು? ಈ ಪ್ರಶ್ನೆಯನ್ನು ನಾವು ಕೇಳುವುದಿಲ್ಲ. ಮನೆ ಕೈತಪ್ಪೀತೆಂಬ ಅಂಜಿಕೆಯಿಂದ ಓಡಿಹೋಗಿ ಒಬ್ಬ ಸರಕಾರಿ ನೌಕರನನ್ನೋ ಪರಿಚಯದ ಹಿಂದೂ ಮಿತ್ರನನ್ನೋ ಕರೆತರುತ್ತೇವೆ. ಆ ಸಜ್ಜನ ಬಂದು ಸಹಿ ಹಾಕುತ್ತಾನೆ. ಅವನು ಯಾವುದಕ್ಕೆ ಸಹಿ ಹಾಕಿದನೆಂಬುದು ಅವನಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ.

ಅದೇನೆಂದು ನೋಡೋಣ. ಜಾಮೀನಿನ ಕಾನೂನು ಇರುವುದು 1872ರ ಭಾರತೀಯ ಕರಾರು ಕಾಯ್ದೆಯಲ್ಲಿ. ಅದರ 128ನೇ ಕಲಮಿನ ಪ್ರಕಾರ, ಮೂಲ ಸಾಲಗಾರನ ಹೊಣೆ ಎಷ್ಟಿದೆಯೋ ಜಾಮೀನುದಾರನ ಹೊಣೆಯೂ ಅಷ್ಟೇ ಇರುತ್ತದೆ, ಕರಾರಿನಲ್ಲಿ ಬೇರೆ ರೀತಿ ಬರೆದಿದ್ದರೆ ಮಾತ್ರ ಅದು ಬದಲಾಗುತ್ತದೆ. ‘ಮೊದಲು ಅವನನ್ನು ಹಿಡಿಯಿರಿ, ಅವನಿಂದ ಆಗದಿದ್ದರೆ ನನ್ನ ಬಳಿ ಬನ್ನಿ’ ಎಂದು ಹೇಳುವ ಹಕ್ಕು ಜಾಮೀನುದಾರನಿಗಿದೆಯೆಂದು ನಮ್ಮ ಹಿರಿಯರು ಬಲವಾಗಿ ನಂಬಿದ್ದಾರೆ. ಈ ನಂಬಿಕೆಗೆ ಆಧಾರವಿಲ್ಲ. ಬ್ಯಾಂಕ್ ಆಫ್ ಬಿಹಾರ್ ಮತ್ತು ದಾಮೋದರ್ ಪ್ರಸಾದ್ ನಡುವಿನ ಮೊಕದ್ದಮೆಯಲ್ಲಿ ಸುಪ್ರೀಮ್ ಕೋರ್ಟು 1968ರಷ್ಟು ಹಿಂದೆಯೇ ಇದನ್ನು ಇತ್ಯರ್ಥಗೊಳಿಸಿದೆ. ಸಾಲಗಾರನ ವಿರುದ್ಧದ ಎಲ್ಲ ಮಾರ್ಗಗಳು ಮುಗಿಯುವ ತನಕ ಕಾಯಬೇಕಾದ ಕಟ್ಟುಪಾಡು ಸಾಲ ಕೊಟ್ಟವನಿಗಿಲ್ಲ. ಯಾರ ಬಳಿ ಸುಲಭವಾಗಿ ವಸೂಲಾಗುತ್ತದೋ ಅವರ ಬಳಿಗೇ ಅವನು ಹೋಗಬಹುದು. ಸಾಲಗಾರ ಊರು ಬಿಟ್ಟಿರುತ್ತಾನೆ. ಜಾಮೀನುದಾರನೋ ಚಾಮರಾಜಪೇಟೆಯ ಅದೇ ಅಡ್ಡರಸ್ತೆಯಲ್ಲಿ, ಸಂಬಳದ ಚೀಟಿ ಮತ್ತು ಮನೆಯ ಖಾತೆಯೊಂದಿಗೆ, ಸಿಕ್ಕುವಂತೆಯೇ ಇರುತ್ತಾನೆ. ಯಾರ ಬಾಗಿಲು ಬಡಿಯಲಾಗುತ್ತದೆಂದು ಬೇರೆ ಹೇಳಬೇಕೇ?

ವಾಸ್ತವದಲ್ಲಿ 1872ರ ಕಾಯ್ದೆ ಜಾಮೀನುದಾರನ ಪಾಲಿಗೆ ನಿರ್ದಯವಾದುದಲ್ಲ. ಅವನಿಗೆ ತಿಳಿಸದೆ ಮೂಲ ಕರಾರನ್ನು ಬದಲಿಸಿದರೆ, ಉದಾಹರಣೆಗೆ ನವೀಕರಣದ ಹೊತ್ತಿನಲ್ಲಿ ಬಾಡಿಗೆ ಏರಿಸಿದರೆ, ಅನಂತರದ ವ್ಯವಹಾರಗಳಿಂದ ಅವನು ಮುಕ್ತನೆಂದು 133ನೇ ಕಲಮು ಹೇಳುತ್ತದೆ. ಸಾಲಗಾರನನ್ನು ಬಿಟ್ಟುಬಿಟ್ಟರೆ ಜಾಮೀನುದಾರನೂ ಬಿಡುಗಡೆ ಹೊಂದುತ್ತಾನೆ. ಅವನನ್ನು ಕೇಳದೆ ಸಾಲಗಾರನೊಂದಿಗೆ ರಾಜಿ ಮಾಡಿಕೊಂಡರೆ ಅಥವಾ ಅವಧಿ ವಿಸ್ತರಿಸುವ ಒಪ್ಪಂದ ಮಾಡಿಕೊಂಡರೂ ಹಾಗೆಯೇ. ಸಾಲಗಾರ ಕೊಟ್ಟ ಒತ್ತೆಯನ್ನು ಸಾಲ ಕೊಟ್ಟವನು ಕಳೆದುಕೊಂಡರೆ ಅದರ ಬೆಲೆಯಷ್ಟು ಜಾಮೀನುದಾರನ ಹೊಣೆ ತಗ್ಗುತ್ತದೆ. ಮುಖ್ಯ ಸಂಗತಿಯನ್ನು ಮುಚ್ಚಿಟ್ಟು ಪಡೆದ ಜಾಮೀನು ಅಸಿಂಧು. ನಿರಂತರ ಜಾಮೀನನ್ನು ಮುಂದಿನ ವ್ಯವಹಾರಗಳ ಮಟ್ಟಿಗೆ ನೋಟೀಸು ಕೊಟ್ಟು ಹಿಂಪಡೆಯಬಹುದು. ಸರಿಯಾಗಿ ನೋಡಿದರೆ ಇದು ನ್ಯಾಯವಾದ ಕಾನೂನು.

ಹಾಗಾದರೆ ಅನ್ಯಾಯವಿರುವುದು ಎಲ್ಲಿ? ಅಚ್ಚಾದ ಫಾರಮಿನಲ್ಲಿ. ಕಾಯ್ದೆ ಒಂದು ಕೈಯಿಂದ ಕೊಟ್ಟುದನ್ನು ಫಾರಮಿನ ನಾಲ್ಕನೆಯ ಪುಟ ಇನ್ನೊಂದು ಕೈಯಿಂದ ಕಿತ್ತುಕೊಳ್ಳುತ್ತದೆ. 133, 134, 135, 139 ಮತ್ತು 141ನೇ ಕಲಮುಗಳ ಪ್ರಕಾರ ತನಗಿರುವ ಹಕ್ಕುಗಳನ್ನು ಜಾಮೀನುದಾರ ಬಿಟ್ಟುಕೊಟ್ಟಿದ್ದಾನೆ ಎಂಬ ಒಂದೇ ವಾಕ್ಯ ಅಲ್ಲಿರುತ್ತದೆ. ಅವನನ್ನು ಮೂಲ ಸಾಲಗಾರನೆಂದೇ ಪರಿಗಣಿಸತಕ್ಕದ್ದೆಂಬ ಮತ್ತೊಂದು ವಾಕ್ಯ. ಈ ಜಾಮೀನು ಎಲ್ಲ ನವೀಕರಣಗಳಿಗೂ ಅನ್ವಯಿಸುತ್ತದೆ, ವಾರೀಸುದಾರರನ್ನೂ ಬಂಧಿಸುತ್ತದೆ ಎಂಬ ಮೂರನೆಯದು. ನಮ್ಮ ರಾಜ್ಯದ ಹೈಕೋರ್ಟೂ ಸೇರಿದಂತೆ ನ್ಯಾಯಾಲಯಗಳು ಹೀಗೆ ಹಕ್ಕು ಬಿಟ್ಟುಕೊಡುವುದನ್ನು ಸಿಂಧುವೆಂದು ಒಪ್ಪಿವೆ. ವಯಸ್ಕನೊಬ್ಬ ಓದಿ ಸಹಿ ಹಾಕಿದ್ದಾನೆ ಎಂಬುದು ನ್ಯಾಯಾಲಯದ ಊಹೆ. ಅವನು ಓದಿಲ್ಲವೆಂಬುದನ್ನು ಬಲ್ಲವರು ಮೂವರು, ಅವನು, ಫಾರಮು ಚಾಚಿದ ಗುಮಾಸ್ತ ಮತ್ತು ಅಲ್ಲಾಹ್.

ಕಂಪೆನಿ ಮಾಡಿಕೊಂಡವರೂ ಸುರಕ್ಷಿತರಲ್ಲ. ಇತ್ತೀಚೆಗೆ ನಮ್ಮ ಯುವಕರು ಸಣ್ಣ ಹೋಟೆಲು, ಬೊಟಿಕ್, ಕೋಚಿಂಗ್ ಕೇಂದ್ರಗಳಿಗೂ ಪ್ರೈವೇಟ್ ಲಿಮಿಟೆಡ್ ಕಂಪೆನಿ ಸ್ಥಾಪಿಸುತ್ತಾರೆ. ನಷ್ಟವಾದರೆ ಕಂಪೆನಿಯ ಆಸ್ತಿಗಷ್ಟೇ ಸೀಮಿತವೆಂಬುದು ಅದರ ಪ್ರಯೋಜನ. ಮಳಿಗೆಯ ಮಾಲಕ ನಿರ್ದೇಶಕನ ವೈಯಕ್ತಿಕ ಜಾಮೀನು ಪಡೆದ ಕ್ಷಣದಲ್ಲಿ ಆ ಪ್ರಯೋಜನ ಆ ಮಳಿಗೆಯ ಮಟ್ಟಿಗೆ ಇಲ್ಲವಾಗುತ್ತದೆ. ಮೂರು ವರ್ಷ ಬಿಡುವಂತಿಲ್ಲವೆಂಬ ಷರತ್ತೂ ಸೇರಿದ್ದರೆ, ಎಂಟನೇ ತಿಂಗಳಲ್ಲಿ ಅಂಗಡಿ ಮುಚ್ಚಿದವನ ಮೇಲೂ ಉಳಿದ ಇಪ್ಪತ್ತೆಂಟು ತಿಂಗಳ ಬಾಡಿಗೆಗೆ ತಗಾದೆ ಬರಬಹುದು. 2020ರ ಮಾರ್ಚಿನಲ್ಲಿ ಇಡೀ ದೇಶ ಬಾಗಿಲು ಹಾಕಿದಾಗ ಬಾಡಿಗೆಯ ಕರಾರುಗಳು ತಾವಾಗಿ ಬಾಗಿಲು ಹಾಕಿಕೊಳ್ಳಲಿಲ್ಲ. ದಿವಾಳಿ ಸಂಹಿತೆಯಡಿ ಕಂಪೆನಿಯ ಸಾಲ ಇತ್ಯರ್ಥವಾದರೂ, ಅಷ್ಟರಿಂದಲೇ ಅದರ ಜಾಮೀನುದಾರ ಬಿಡುಗಡೆ ಹೊಂದುವುದಿಲ್ಲವೆಂದು 2021ರ ಮೇ ತಿಂಗಳಲ್ಲಿ ಸುಪ್ರೀಮ್ ಕೋರ್ಟು ಸ್ಪಷ್ಟಪಡಿಸಿದೆ. ದೊಡ್ಡ ಉದ್ಯಮಿಗಳ ಸಂಬಂಧ ಬಂದ ತೀರ್ಪು ಅದು. ಆದರೆ ಅದರ ತತ್ವ ಸಣ್ಣವರನ್ನು ಹೊರಗಿಡುವುದಿಲ್ಲ.

ಇಷ್ಟೆಲ್ಲ ಲೆಕ್ಕ ಸಹಿ ಹಾಕಿದವನದಾಯಿತು. ಸಹಿ ಹಾಕದವರ ಕಥೆಯೇನು? ನಮ್ಮ ಆಕ್ಷೇಪದ ಮುಖ್ಯ ಭಾಗವಿರುವುದು ಇಲ್ಲಿ. ಅನ್ನಿಸಾ ಅಧ್ಯಾಯದ 11 ಮತ್ತು 12ನೇ ಸೂಕ್ತಗಳು ವಾರೀಸುದಾರರ ಪಾಲುಗಳನ್ನು ನಿಗದಿಪಡಿಸುವಾಗ, ಮೃತನ ಉಯಿಲು ಮತ್ತು ಸಾಲ ತೀರಿದ ಬಳಿಕವೇ ಹಂಚಿಕೆಯೆಂದು ಮತ್ತೆ ಮತ್ತೆ ನೆನಪಿಸುತ್ತವೆ. ಮಿತ್ರನಿಗಾಗಿ ಹಾಕಿದ ಜಾಮೀನಿನ ಹೊಣೆ ಅದಾಗಲೇ ತಲೆಯ ಮೇಲೆ ಬಂದಿದ್ದರೆ ಅದೂ ಸಾಲವೇ. ತಂದೆ ತೀರಿಕೊಂಡಾಗ ಮೊದಲು ಸರದಿಯಲ್ಲಿ ನಿಲ್ಲುವವಳು ಮಗಳಲ್ಲ, ವಿಧವೆಯಲ್ಲ, ಯಾರದೋ ಮಳಿಗೆಯ ಮಾಲಕ ಅಥವಾ ಯಾರದೋ ಗೃಹಸಾಲದ ಬ್ಯಾಂಕು. ವಾರೀಸುದಾರರು ತಮಗೆ ಬಂದ ಪಾಲಿನ ಮಟ್ಟಿಗೆ ಮಾತ್ರ ಹೊಣೆಯೆಂಬುದು ನಿಜ. ಆದರೆ ಆ ಪಾಲೇ ಒಂದು ಎರಡು ಕೋಣೆಯ ಮನೆಯಾಗಿದ್ದರೆ ಉಳಿಯುವುದೇನು? ಜಾಮೀನು ಹಾಕುವ ಮುನ್ನ ಎಷ್ಟು ಮಂದಿ ಗಂಡಂದಿರು ಮನೆಯಲ್ಲಿ ಒಂದು ಮಾತು ಹೇಳುತ್ತಾರೆ? ಮಗಳ ಮದುವೆಯ ಊಟಕ್ಕೆ ಯಾರನ್ನು ಕರೆಯಬೇಕೆಂದು ಮೂರು ರಾತ್ರಿ ಚರ್ಚಿಸುವವರು, ಆ ಮಗಳ ಪಾಲನ್ನೇ ಒತ್ತೆಯಿಡುವಾಗ ಆಕೆಯ ತಾಯಿಯನ್ನೂ ಕೇಳುವುದಿಲ್ಲ. ಇನ್ನು ಕೆಲವೆಡೆ ಪತ್ನಿಯನ್ನೇ ಕರೆದೊಯ್ದು ಸಹಜಾಮೀನುದಾರಳನ್ನಾಗಿ ಮಾಡಲಾಗುತ್ತದೆ. ಆಕೆಯ ಮಹ್ರ್, ಆಕೆಯ ಚಿನ್ನ, ತವರಿನಿಂದ ಬಂದ ಆಕೆಯ ಸ್ವಂತ ಆಸ್ತಿಯೆಲ್ಲ ಆ ಸಹಿಯಿಂದ ತಗಾದೆಗೆ ತೆರೆದುಕೊಳ್ಳುತ್ತದೆ. ಪತ್ನಿಯ ಸೊತ್ತಿನ ಮೇಲೆ ಪತಿಗೆ ಹಕ್ಕಿಲ್ಲವೆಂದು ವೇದಿಕೆಗಳಲ್ಲಿ ಹೆಮ್ಮೆಯಿಂದ ಸಾರುವ ಸಮುದಾಯ ನಮ್ಮದು ತಾನೇ?

ವಿಪರ್ಯಾಸವೆಂದರೆ, ಬರೆಯಿಸಿಕೊಳ್ಳಬೇಕಾದಲ್ಲಿ ನಾವು ಬರೆಯಿಸಿಕೊಳ್ಳುವುದಿಲ್ಲ. ಭೋಗ್ಯದ ಮನೆಗಳನ್ನೇ ನೋಡಿ. ಹತ್ತು, ಹದಿನೈದು ಲಕ್ಷಗಳನ್ನು ಒಟ್ಟಿಗೆ ಮಾಲಕನ ಕೈಗಿಟ್ಟು, ಹನ್ನೊಂದು ತಿಂಗಳ ನೋಂದಣಿಯಾಗದ ಒಂದು ಕಾಗದ ಹಿಡಿದುಕೊಂಡು ಮನೆಯೊಳಗೆ ಕಾಲಿಡುತ್ತೇವೆ. ಬಾಡಿಗೆಯಿಲ್ಲದೆ ಸಾಲದ ಬದಲಿಗೆ ಮನೆಯನ್ನು ಅನುಭವಿಸುವ ಈ ಪದ್ಧತಿಯಲ್ಲಿ ಬಡ್ಡಿಯ ಅಂಶವಿದೆಯೆಂದು ಅನೇಕ ವಿದ್ವಾಂಸರು ಎಚ್ಚರಿಸಿದ್ದಾರೆ, ಅದು ಪ್ರತ್ಯೇಕ ಚರ್ಚೆ. ಇಲ್ಲಿ ಪ್ರಶ್ನೆ, ಅಷ್ಟು ಹಣ ಹಿಂತಿರುಗುವುದಕ್ಕೆ ಜಾಮೀನು ಯಾರು? ಇಡೀ ಕರಾರಿನಲ್ಲಿ ನಿಜಕ್ಕೂ ಸಾಲಗಾರನಾದವನು ಮಾಲಕ. ಅವನಿಂದ ಯಾರೂ ಜಾಮೀನು ಕೇಳುವುದಿಲ್ಲ. ನೂರು ರೂಪಾಯಿಗೆ ಮೇಲ್ಪಟ್ಟ ಭೋಗ್ಯ ಅಡಮಾನ ನೋಂದಣಿಯಾಗಲೇಬೇಕೆಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆ ಹೇಳುತ್ತದೆ. ಮನೆ ಮೊದಲೇ ಬ್ಯಾಂಕಿಗೆ ಅಡವಾಗಿದ್ದರೆ, ಬ್ಯಾಂಕಿನ ಹಕ್ಕಿನ ಮುಂದೆ ನಮ್ಮ ಕೈಯ ಕಾಗದ ನಿಲ್ಲುವುದು ತೀರಾ ಕಷ್ಟ. ಮೂಲ ಕ್ರಯಪತ್ರ ತೋರಿಸಿರೆಂದು ಕೇಳಬೇಕು. ಅದು ಮಾಲಕನ ಬಳಿ ಇಲ್ಲದಿದ್ದರೆ ಬಹುಶಃ ಬ್ಯಾಂಕಿನಲ್ಲಿದೆ ಎಂದರ್ಥ. ಪತ್ರಗಳನ್ನಿಟ್ಟು ಪಡೆದ ಸಾಲ ಋಣಭಾರ ಪ್ರಮಾಣಪತ್ರದಲ್ಲಿ ಕಾಣದೆಯೂ ಇರಬಹುದಾದ್ದರಿಂದ, 2011ರಿಂದ ಇರುವ ಸೆರ್ಸಾಯ್ ಎಂಬ ಕೇಂದ್ರ ದಾಖಲೆಯಲ್ಲೂ ಅಲ್ಪ ಶುಲ್ಕ ಕೊಟ್ಟು ಹುಡುಕಬೇಕು. ಮಾಲಕನ ಪತ್ನಿ ಮತ್ತು ವಯಸ್ಕ ಮಕ್ಕಳು ಹಣದ ಮರುಪಾವತಿಗೆ ಜಾಮೀನು ಸಹಿ ಹಾಕಲಿ ಎನ್ನಬೇಕು. ಬಾಡಿಗೆದಾರನಿಂದ ಕೇಳಬಹುದಾದರೆ ಮಾಲಕನಿಂದ ಏಕೆ ಕೇಳಬಾರದು?

ಬಾಯಿಮಾತಿನ ಜಾಮೀನಿಗೆ ಮರುಳಾಗುವುದರ ಬೆಲೆಯನ್ನು ಈ ನಗರ ಕಂಡಿದೆ. 2019ರ ಜೂನಿನಲ್ಲಿ ಶಿವಾಜಿನಗರದ ಐಎಂಎ ಕುಸಿದಾಗ ಸಾವಿರಾರು ಕುಟುಂಬಗಳ ಉಳಿತಾಯ ಅದರೊಂದಿಗೆ ಕುಸಿಯಿತು. ಗಡ್ಡ ಮತ್ತು ಪೇಟಗಳನ್ನು ನಂಬಿ ಹಣ ಹೂಡಿದವರಿಗೆ ಯಾರೊಬ್ಬರ ಬರಹದ ಜಾಮೀನೂ ಇರಲಿಲ್ಲ. ಸುಮಾರು ಏಳು ತಿಂಗಳಲ್ಲಿ, 2020ರ ಜನವರಿಯಲ್ಲಿ, ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ಹೇರಿತು. ಹಣ ತೆಗೆಯುವ ಮಿತಿ 35,000 ರೂಪಾಯಿಗೆ ಇಳಿಯಿತು. ಅಲ್ಲಿ ಸಾಲಾಗಿ ನಿಂತವರು ಬೇರೆ ಸಮುದಾಯದ ನಿವೃತ್ತರು, ವಿಧವೆಯರು. ನಂಬಿಕೆಯನ್ನೇ ಭದ್ರತೆಯೆಂದು ತಿಳಿಯುವ ದೌರ್ಬಲ್ಯ ಒಂದು ಧರ್ಮದವರಿಗೆ ಮೀಸಲಲ್ಲ.

ಇನ್ನೊಂದು ಬಗೆಯ ಜಾಮೀನಿದೆ. ಅದನ್ನು ಜಾಮೀನೆನ್ನುವುದಕ್ಕಿಂತ ದರೋಡೆಯೆನ್ನುವುದು ಲೇಸು. ತಂದೆಯ ಹಳೆಯ ಮನೆ ಮಾರಾಟಕ್ಕೆ ಬರುತ್ತದೆ. ಹಿರಿಯ ಮಗ ಕ್ರಯದ ಕರಾರಿಗೆ ಕೂರುತ್ತಾನೆ. ‘ತಂಗಿಯರ ಸಹಿ?’ ಎಂದು ಕೊಳ್ಳುವವನು ಕೇಳಿದರೆ, ‘ಅದಕ್ಕೆ ನಾನು ಜವಾಬ್ದಾರಿ’ ಎಂಬ ಉತ್ತರ. ಕರಾರಿನಲ್ಲೂ ಹಾಗೆಯೇ ಬರೆಯುತ್ತಾರೆ. ಮುಂಗಡ ಕೈ ಬದಲಾಗುತ್ತದೆ. ಅನಂತರ ತಂಗಿಯರ ಮನೆಗೆ ಹೋಗಿ, ‘ಮಾತು ಕೊಟ್ಟಾಗಿದೆ, ಈಗ ನೀವು ಸಹಿ ಹಾಕದಿದ್ದರೆ ಅಣ್ಣ ಜೈಲಿಗೆ ಹೋಗಬೇಕಾಗುತ್ತದೆ’ ಎಂದು ಅಳಲು ತೋಡಿಕೊಳ್ಳಲಾಗುತ್ತದೆ. ಆಕೆ ಕಣ್ಣೊರೆಸಿಕೊಂಡು ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟೊತ್ತುತ್ತಾಳೆ. ತಂದೆ ಕಣ್ಮುಚ್ಚಿದ ಘಳಿಗೆಯಲ್ಲೇ ಆಕೆಯ ಪಾಲು ಆಕೆಯದಾಗಿದೆ. ಅದಕ್ಕೆ ಅಣ್ಣನ ಒಪ್ಪಿಗೆ ಬೇಕಿಲ್ಲ, ಅದನ್ನು ಮಾರುವ ಅಧಿಕಾರವೂ ಅಣ್ಣನಿಗಿಲ್ಲ. ಅವನು ಮಾರಬಲ್ಲುದು ತನ್ನ ಪಾಲನ್ನು ಮಾತ್ರ. ಇಂತಹ ಕರಾರಿಗೆ ಹಣ ಕೊಡುವ ಖರೀದಿದಾರರಿಗೂ ಒಂದು ಮಾತು ಹೇಳಬೇಕು. ‘ನಾನು ಜವಾಬ್ದಾರಿ’ ಎಂಬ ವಾಕ್ಯದಿಂದ ನಿಮಗೆ ಸಿಗುವುದು ಅವನ ಮೇಲೆ ದಾವೆ ಹೂಡುವ ಹಕ್ಕೇ ಹೊರತು ಮನೆಯಲ್ಲ. ಎಲ್ಲ ವಾರೀಸುದಾರರೂ ಕರಾರಿಗೆ ಕಕ್ಷಿದಾರರಾಗಿ, ಪ್ರತಿಯೊಬ್ಬರ ಪಾಲಿನ ಹಣ ಅವರವರ ಬ್ಯಾಂಕ್ ಖಾತೆಗೆ ಹೋಗುವಂತೆ ಬರೆಯಿಸಿದರೆ ಮಾತ್ರ ಅದು ವ್ಯವಹಾರ.

ಆಕ್ಷೇಪಕರು ಸುಮ್ಮನಿರುವುದಿಲ್ಲ. ‘ಎಲ್ಲರೂ ಹೀಗೆ ಕಾನೂನು ಮಾತಾಡಿದರೆ ಬಡವನ ಬೆನ್ನಿಗೆ ನಿಲ್ಲುವವರು ಯಾರು? ಪ್ರವಾದಿಯ(ಸ) ಕಾಲದಲ್ಲಿ ಸಹಾಬಿಗಳು ಪರಸ್ಪರರ ಸಾಲಕ್ಕೆ ಹೊಣೆ ನಿಂತಿರಲಿಲ್ಲವೇ?’ ಎಂದು ಕೇಳುವವರಿದ್ದಾರೆ. ನಿಂತಿದ್ದರು, ನಿಜ. ಸಹೀಹ್ ಬುಖಾರಿಯಲ್ಲೂ ಇತರ ಸಂಗ್ರಹಗಳಲ್ಲೂ ಬಂದಿರುವ ಆ ಘಟನೆಯನ್ನು ಪೂರ್ತಿಯಾಗಿ ನೋಡೋಣ. ಸಾಲ ತೀರಿಸದೆ ಮೃತನಾದ ವ್ಯಕ್ತಿಯ ಜನಾಝ ನಮಾಝ್‌ಗೆ ಪ್ರವಾದಿವರ್ಯರು(ಸ) ಮುಂದಾಗಲಿಲ್ಲ. ಆಗ ಅಬೂ ಕತಾದಾ(ರ) ಆ ಸಾಲದ ಹೊಣೆಯನ್ನು ತಾನು ಹೊತ್ತರು. ಬಳಿಕವೇ ನಮಾಝ್ ನಡೆಯಿತು. ಸಾಲದ ಮೊತ್ತ ಎಷ್ಟು? ವರದಿಗಳಲ್ಲಿ ಎರಡು ಅಥವಾ ಮೂರು ದೀನಾರ್ ಎಂದಿದೆ. ಅಂದರೆ ಆ ಜಾಮೀನಿಗೆ ಒಂದು ಗೊತ್ತಾದ ಮೊತ್ತವಿತ್ತು. ಹೊರುವವರಿಗೆ ಅದನ್ನು ತೀರಿಸುವ ಸಾಮರ್ಥ್ಯವಿತ್ತು. ಮತ್ತೊಂದು ವರದಿಯ ಪ್ರಕಾರ ಪ್ರವಾದಿವರ್ಯರು(ಸ) ಮರುದಿನವೇ ಅವರೊಡನೆ ಆ ದೀನಾರ್‌ಗಳ ಬಗ್ಗೆ ವಿಚಾರಿಸಿದರು, ಪಾವತಿಯಾದ ಸುದ್ದಿ ಕೇಳಿದ ಬಳಿಕವೇ ಸಮಾಧಾನ ವ್ಯಕ್ತಪಡಿಸಿದರು. ಮೊತ್ತವೇ ನಮೂದಾಗದ, ಅವಧಿಯೇ ಇಲ್ಲದ, ಮುಂದಿನ ನವೀಕರಣಗಳನ್ನೂ ನುಂಗುವ ಇಂದಿನ ಫಾರಮಿಗೆ ಅಬೂ ಕತಾದಾರ(ರ) ಹೆಸರನ್ನು ಆಸರೆಯಾಗಿ ತರುವುದು ಸರಿಯೇ? ಸಾಲದ ವ್ಯವಹಾರವನ್ನು ಅವಧಿಸಹಿತ ಬರೆದಿಡಬೇಕೆಂದು ಆದೇಶಿಸುವ ಅಲ್ ಬಕರಃ ಅಧ್ಯಾಯದ 282ನೇ ಸೂಕ್ತ ಪವಿತ್ರ ಕುರ್‌ಆನಿನಲ್ಲೇ ಅತ್ಯಂತ ದೀರ್ಘವಾದುದು. ಸಾಲಗಾರ ದುರ್ಬಲನಾಗಿದ್ದರೆ ಬರೆಯಿಸುವ ಕೆಲಸವನ್ನು ಅವನ ಪೋಷಕ ನ್ಯಾಯದಿಂದ ಮಾಡಬೇಕೆಂಬ ನಿರ್ದೇಶವೂ ಅದರಲ್ಲಿದೆ. ಮುಂದೆ ಸಂಪತ್ತು ಬಂದಾಗ, ಸಾಲ ಬಿಟ್ಟು ತೀರಿಕೊಂಡವರ ಹೊಣೆಯನ್ನು ಪ್ರವಾದಿವರ್ಯರು(ಸ) ಸ್ವತಃ ವಹಿಸಿಕೊಂಡರೆಂಬುದನ್ನೂ ಅದೇ ಹದೀಸ್ ಸಂಗ್ರಹಗಳು ಹೇಳುತ್ತವೆ. ಸಮಾಜದ ಬೊಕ್ಕಸ ಹೊರಬೇಕಾದ ಭಾರವನ್ನು ಒಬ್ಬ ಬಡ ನೆರೆಯವನ ತಲೆಗೆ ಕಟ್ಟುವುದಕ್ಕೆ ಅಲ್ಲಿ ಮಾದರಿಯಿಲ್ಲ.

ನೆರವಾಗಬೇಡಿರೆಂದು ನಾವು ಹೇಳುತ್ತಿಲ್ಲ. ಅಳತೆಯಿಟ್ಟು ನೆರವಾಗಿ ಎನ್ನುತ್ತಿದ್ದೇವೆ. ‘ನನ್ನ ಹೊಣೆ ಎರಡು ಲಕ್ಷ ರೂಪಾಯಿಗೆ ಮೀರದು, 11 ತಿಂಗಳಿಗೆ ಮಾತ್ರ, ನವೀಕರಣಕ್ಕೆ ನನ್ನ ಹೊಸ ಸಹಿ ಬೇಕು, ಮೊದಲು ಮುಂಗಡ ಹಣದಿಂದ ವಸೂಲು ಮಾಡತಕ್ಕದ್ದು’ ಎಂದು ಕರಾರಿನಲ್ಲಿ ಕೈಬರಹದಲ್ಲಾದರೂ ಸೇರಿಸಲು ಕಾನೂನಿನ ಅಡ್ಡಿಯಿಲ್ಲ. 128ನೇ ಕಲಮೇ ಅದಕ್ಕೆ ಅವಕಾಶ ಕೊಟ್ಟಿದೆ. ಬ್ಯಾಂಕು ಒಪ್ಪದಿರಬಹುದು, ಮನೆಯ ಮಾಲಕ ಅನೇಕ ವೇಳೆ ಒಪ್ಪುತ್ತಾನೆ. ಈಗಾಗಲೇ ಸಹಿ ಹಾಕಿದವರು ಕರಾರಿನ ಪ್ರತಿಯನ್ನು ಕೇಳಿ ಪಡೆಯಲಿ. ನಿರಂತರ ಜಾಮೀನಾಗಿದ್ದರೆ ಮುಂದಿನ ವ್ಯವಹಾರಗಳಿಗೆ ತನ್ನ ಜಾಮೀನಿಲ್ಲವೆಂದು ನೋಂದಾಯಿತ ಅಂಚೆಯಲ್ಲಿ ತಿಳಿಸಲಿ. ಈಗಾಗಲೇ ಕೊಟ್ಟಾಗಿರುವ ಸಾಲಕ್ಕೆ ಇದರಿಂದ ಬಿಡುಗಡೆ ಸಿಗದು. ತೆತ್ತ ಹಣವನ್ನು ಸಾಲಗಾರನಿಂದ ವಸೂಲು ಮಾಡುವ ಹಕ್ಕು, ಸಹಜಾಮೀನುದಾರರಿಂದ ಸಮಪಾಲು ಕೇಳುವ ಹಕ್ಕು ಕಾಯ್ದೆಯಲ್ಲಿದೆ. ಬರಿಗೈಯವನಿಂದ ವಸೂಲು ಮಾಡುವ ವಿಧಾನ ಮಾತ್ರ ಯಾವ ಕಾಯ್ದೆಯಲ್ಲೂ ಇಲ್ಲ.

ಮಸೀದಿ ಕಮಿಟಿಗಳ ಬಗ್ಗೆ ಹೇಳದೆ ಈ ಬರಹ ಮುಗಿಯದು. ಅವು ಕೇವಲ ಉಪದೇಶಕರ ಸ್ಥಾನದಲ್ಲಿಲ್ಲ, ಸ್ವತಃ ಮಾಲಕರೂ ಹೌದು. ನಗರದ ಎಷ್ಟೋ ಮಸೀದಿಗಳ ಕೆಳಗೆ, ಪಕ್ಕದಲ್ಲಿ ಮಳಿಗೆಗಳಿವೆ. ಅವುಗಳ ಬಾಡಿಗೆ ಕರಾರಿನಲ್ಲಿ ಯಾವ ಷರತ್ತುಗಳಿವೆ? ಕೆಲವೆಡೆ ಕರಾರೇ ಇಲ್ಲ, ‘ಇವರು ನಮ್ಮ ಹಾಜಿ ಸಾಹೇಬರ ಕಡೆಯವರು’ ಎಂಬುದೇ ಜಾಮೀನು. ಬಾಡಿಗೆ ಬಾಕಿ ಬಿದ್ದಾಗ ಹಾಜಿ ಸಾಹೇಬರೂ ಇಲ್ಲ, ಬಾಕಿ ಬರೆದಿಟ್ಟ ಪುಸ್ತಕವೂ ಇಲ್ಲ. ವಕ್ಫ್ ಸೊತ್ತಿನ ನಷ್ಟವನ್ನು ಯಾರಿಗೆ ಹೇಳುವುದು? ಇನ್ನು ಕೆಲವು ಕಮಿಟಿಗಳು ಯಾರೋ ವಕೀಲರ ಕಚೇರಿಯಿಂದ ತಂದ ಇಂಗ್ಲಿಷ್ ಕರಾರನ್ನೇ ನೆರಳಚ್ಚು ಮಾಡಿಸಿ, ಓದಲು ಬಾರದ ಹಣ್ಣಿನ ವ್ಯಾಪಾರಿಯ ಮಿತಿಯಿಲ್ಲದ ಜಾಮೀನನ್ನು ಪಡೆಯುತ್ತವೆ. ಬರುವ ರಮಝಾನಿಗೆ ಮುಂಚೆ ಪ್ರತಿಯೊಂದು ಕಮಿಟಿಯೂ ತನ್ನ ಮಳಿಗೆಗಳ ಕರಾರುಗಳನ್ನು ಮೇಜಿನ ಮೇಲೆ ಹರಡಲಿ. ಜಾಮೀನಿನ ಮೊತ್ತವನ್ನೂ ಕೊನೆಯ ದಿನಾಂಕವನ್ನೂ ಅಂಕಿಗಳಲ್ಲಿ ನಮೂದಿಸಲಿ. ಕನ್ನಡ ಮತ್ತು ಉರ್ದುವಿನಲ್ಲಿ ಪ್ರತಿ ಮಾಡಿಸಿ, ಜಾಮೀನುದಾರನಿಗೂ ಅವನ ಮನೆಯವರಿಗೂ ಓದಿ ಹೇಳಿ, ಒಂದು ಪ್ರತಿಯನ್ನು ಅವನ ಕೈಗೆ ಕೊಡಲಿ. ಅದಾದ ಬಳಿಕ ಬಸವನಗುಡಿಯ ಮಾಲಕನ ಮುಂದೆಯೂ ಬ್ಯಾಂಕಿನ ವ್ಯವಸ್ಥಾಪಕನ ಮುಂದೆಯೂ ಅದೇ ಬೇಡಿಕೆಯನ್ನು ಇಡಲು ನಮ್ಮ ಮುಖಂಡರಿಗೆ ಬಾಯಿ ಬಂದೀತು.